‘ಅಮ್ಮ, ಸಿಟ್ಟಾ?’ ಅಂತ ದಿನಕ್ಕೆ ಹತ್ತು ಸಲ ಕೇಳುವ ಮಗಳಿಗೆ ಏನು ಹೇಳಲಿ?

ಬೇಲಿಹೂ:

ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಬರೀ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಮಗಳಿಗೆ ಎಂಟು ವರ್ಷ. ಹಟ ಇಲ್ಲ, ರಗಳೆ ಇಲ್ಲ, ಕರೆದರೆ ಬರುತ್ತಾಳೆ, ಕೂರು ಅಂದರೆ ಕೂರುತ್ತಾಳೆ. ‘ಎಂಥ ಒಳ್ಳೆ ಹುಡುಗಿ, ಪುಣ್ಯ ಮಾಡಿದ್ದೀರಿ’ ಅಂತ ಎಲ್ಲರೂ ಹೇಳುವವರೇ. ನನಗೂ ಒಳಗೊಳಗೇ ಹೆಮ್ಮೆ ಇತ್ತು. ಆದರೆ ನಾಲ್ಕೈದು ತಿಂಗಳಿಂದ ಒಂದು ಪ್ರಶ್ನೆ ಶುರುವಾಗಿದೆ. ನಾನು ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಟ್ಟರೆ ಸಾಕು, ಯಾವ ಮೂಲೆಯಲ್ಲಿದ್ದರೂ ಬಂದು ಬಾಗಿಲ ಹತ್ತಿರ ನಿಲ್ಲುತ್ತಾಳೆ. ಒಳಗೆ ಬರುವುದಿಲ್ಲ. ಅಲ್ಲೇ ನಿಂತು ನನ್ನ ಮುಖ ನೋಡಿ ‘ಅಮ್ಮ, ಸಿಟ್ಟಾ?’ ಅಂತ ಕೇಳುತ್ತಾಳೆ. ಇಲ್ಲ ಪುಟ್ಟ ಅಂದರೆ ಹೋಗುತ್ತಾಳೆ. ಐದು ನಿಮಿಷಕ್ಕೆ ಮತ್ತೆ ಹಾಜರು. ‘ನನ್ ಮೇಲೆ ಸಿಟ್ಟಿಲ್ಲ ಅಲ್ವಾ?’

ಜೊತೆಗೆ ಬೆಳಗ್ಗೆ ಹೊಟ್ಟೆನೋವು. ಶಾಲೆ ತಪ್ಪಿಸೋಕೆ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿದರೆ ಹಾಗಲ್ಲ. ಹಿಂದಿನ ರಾತ್ರಿ ನಾನೂ ಗಂಡನೂ ಜಗಳ ಆಡಿದ್ದರೆ ಬೆಳಗ್ಗೆ ನೋವು, ರಜೆ ಇದ್ದರೂ ಬರುತ್ತೆ.

ನಮ್ಮಲ್ಲಿ ಹೊಡೆದಾಟ ಬಡಿದಾಟ ಇಲ್ಲ. ಜಗಳ ಏನಿದ್ದರೂ ಅವಳು ಮಲಗಿದ ಮೇಲೆ, ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿಕೊಂಡು. ಸಾಲದ ಕಂತು, ಅವರ ಕಡೆಯವರು, ನಮ್ಮ ಕಡೆಯವರು, ಅದೇ ಹಳೇ ರಾಗ. ಆಮೇಲೆ ಮೂರು ನಾಲ್ಕು ದಿನ ಮಾತಿಲ್ಲ ಕತೆಯಿಲ್ಲ. ಆಗೆಲ್ಲ ‘ಅಪ್ಪನಿಗೆ ಊಟಕ್ಕೆ ಬರೋಕೆ ಹೇಳು’, ‘ಅಮ್ಮನಿಗೆ ನಾಳೆ ಲೇಟಾಗುತ್ತೆ ಅಂತ ಹೇಳು’ ಅಂತ ಅವಳ ಕೈಲೇ ಹೇಳಿಸುತ್ತೇವೆ.

ಡಾಕ್ಟರ್ ಹತ್ತಿರ ಹೋದೆವು. ಹೊಟ್ಟೆ ಒತ್ತಿ ನೋಡಿದರು, ಪರೀಕ್ಷೆ ಮಾಡಿಸಿದರು, ಏನೂ ಇಲ್ಲ ಅಂದರು. ಕೊನೆಗೆ ‘ಮನೇಲಿ ಎಲ್ಲ ಸರಿ ಇದೆಯಾ?’ ಅಂತ ಕೇಳಿದರು. ನಾನು ‘ಹ್ಞೂಂ, ಎಲ್ಲ ಸರಿ ಇದೆ’ ಅಂದೆ. ಕುರ್ಚಿ ಮೇಲೆ ಕೂತು ಕಾಲಾಡಿಸುತ್ತಿದ್ದ ಮಗಳು ಕಾಲು ನಿಲ್ಲಿಸಿ ನನ್ನ ಮುಖ ನೋಡಿದಳು.

ಆ ನೋಟ ಇನ್ನೂ ಕಣ್ಣಿಂದ ಹೋಗಿಲ್ಲ. ಅವಳಿಗೆ ಏನು ಹೇಳಲಿ? ಜಗಳ ಆಡದೇ ಇರೋಕೆ ನಮ್ಮಿಂದ ಆಗಲ್ಲ, ಅದು ನನಗೆ ಗೊತ್ತು.

ಹಳೇ ಮೇಷ್ಟ್ರು:

ತಾಯಿ, ಮೊದಲು ಇಷ್ಟು ಬರೆದಿದ್ದಕ್ಕೆ ಮೆಚ್ಚಬೇಕು. 26 ವರ್ಷ ಚಿಕ್ಕ ಮಕ್ಕಳಿಗೆ ಪಾಠ ಮಾಡಿದವನು ನಾನು. ಗಲಾಟೆ ಮಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಯಾರ ಕಣ್ಣಿಗೂ ಬೀಳದೆ ಹೋಗುವವರು ಈ ‘ಒಳ್ಳೆ ಮಕ್ಕಳು’.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಅಕ್ಷರ ಮುತ್ತಿನಂತೆ. ಆದರೆ ಒಂದು ಅಕ್ಷರ ಸೊಟ್ಟ ಆದರೂ ಪುಟ ಹರಿಯುವವರೆಗೂ ರಬ್ಬರ್ ಉಜ್ಜುತ್ತಿದ್ದ. ನಾನು ಅವನ ಪುಸ್ತಕವನ್ನು ಎಲ್ಲರಿಗೂ ತೋರಿಸಿ ‘ನೋಡಿ ಹೀಗಿರಬೇಕು’ ಅನ್ನುತ್ತಿದ್ದೆ. ಎಷ್ಟು ದಡ್ಡ ನಾನು! ಅವನಿಗೆ ಬೇಕಾಗಿದ್ದದ್ದು ‘ತಪ್ಪಾದರೂ ಪರವಾಗಿಲ್ಲ ಕಣೋ’ ಅನ್ನುವ ಒಂದು ಮಾತು. ಅದು ನನಗೆ ಹೊಳೆದಾಗ ವರ್ಷ ಮುಗಿದಿತ್ತು.

ನಿಮ್ಮ ಮಗಳು ಕೇಳಿದಾಗ ನೀವು ‘ಇಲ್ಲ’ ಅನ್ನುತ್ತೀರಿ. ನಿಮಗೆ ಸಿಟ್ಟು ಇರುತ್ತೆ. ಅವಳಿಗೆ ಅದು ಕಾಣುತ್ತೆ. ಈಗ ಅವಳು ಯಾವುದನ್ನು ನಂಬಬೇಕು, ನಿಮ್ಮ ಮಾತನ್ನೋ, ತನ್ನ ಕಣ್ಣನ್ನೋ? ಅದಕ್ಕೇ ಮತ್ತೆ ಮತ್ತೆ ಕೇಳುವುದು.

ಕಡ್ಡಿಪೆಟ್ಟಿಗೆ:

ಎಲ್ಲರೂ ಬೈಬೇಡಿ, ನನಗೆ ಅನಿಸಿದ್ದು ಹೇಳುತ್ತೇನೆ. ಇದೆಲ್ಲ ಈಗಿನ ಕಾಲದ ನಾಜೂಕು. ನಮ್ಮಪ್ಪ ಅಮ್ಮ ಬೀದಿಗೆಲ್ಲ ಕೇಳುವ ಹಾಗೆ ಜಗಳ ಆಡುತ್ತಿದ್ದರು. ನಮಗೆ ಬೆಲ್ಟಿನ ಏಟೂ ಬಿದ್ದಿದೆ. ಏನಾಗಿದೆ ಈಗ? ಚೆನ್ನಾಗೇ ಇದ್ದೇವೆ. ಮಗು ಕೇಳಿದ ಒಂದು ಪ್ರಶ್ನೆಗೆ ಅಮ್ಮಂದಿರು ಇಷ್ಟು ತಲೆ ಕೆಡಿಸಿಕೊಂಡರೆ ಮಗುವಿಗೆ ಅದೇ ರೋಗ ಆಗುತ್ತೆ. ಮೊಬೈಲ್ ಕೈಗೆ ಕೊಟ್ಟಿರುತ್ತೀರಿ, ಅದನ್ನು ಮೊದಲು ಕಿತ್ತುಕೊಳ್ಳಿ, ಎಲ್ಲ ಸರಿ ಹೋಗುತ್ತೆ.

ಬೇಲಿಹೂ:

ಅವಳಿಗೆ ಮೊಬೈಲ್ ಕೊಟ್ಟಿಲ್ಲ ಸಾರ್. ನಾನೇ ಜಾಸ್ತಿ ನೋಡುವುದು.

ಅರ್ಧರಾತ್ರಿ:

ಕಡ್ಡಿಪೆಟ್ಟಿಗೆ ಸಾರ್, ನೀವು ಪೆಟ್ಟು ತಿಂದದ್ದರಿಂದ ಚೆನ್ನಾಗಿದ್ದೀರೋ, ತಿಂದರೂ ಚೆನ್ನಾಗಿದ್ದೀರೋ? ಎರಡಕ್ಕೂ ವ್ಯತ್ಯಾಸ ಇದೆ ಅಲ್ವಾ.

ನಾನು ಆ ಎಂಟು ವರ್ಷದ ಹುಡುಗಿಯೇ. ಈಗ 34 ಆಯಿತು ಅಷ್ಟೇ. ಬಾಗಿಲು ಹಾಕಿಕೊಂಡು ದನಿ ತಗ್ಗಿಸಿ ಜಗಳ ಆಡಿದರೆ ಮಗುವಿಗೆ ಕೇಳಿಸಲ್ಲ ಅಂತ ದೊಡ್ಡವರು ಅಂದುಕೊಂಡಿರುತ್ತಾರೆ ನೋಡಿ, ಅದು ಶುದ್ಧ ಸುಳ್ಳು. ದನಿ ತಗ್ಗಿದಷ್ಟೂ ಕಿವಿ ಚುರುಕಾಗುತ್ತೆ. ನಾನು ಹೊದಿಕೆ ಕಿವಿಯಿಂದ ಸರಿಸಿ, ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದೆ. ಮಾತು ಅರ್ಥ ಆಗುತ್ತಿರಲಿಲ್ಲ. ನನ್ನ ಹೆಸರು ಬಂತಾ ಅಂತ ಮಾತ್ರ ಕಾಯುತ್ತಿದ್ದೆ. ಒಂದು ಸಲ ಬಂದರೆ ಮುಗಿಯಿತು, ಎಲ್ಲ ನನ್ನಿಂದಲೇ.

ಅಪ್ಪ ಬೀಗದಲ್ಲಿ ಕೀಲಿ ತಿರುಗಿಸುವ ಸದ್ದಿನಲ್ಲೇ ಇವತ್ತು ಮನೆ ಹೇಗಿರುತ್ತೆ ಅಂತ ಹೇಳುತ್ತಿದ್ದೆ. ಒಂದೇ ಸಲಕ್ಕೆ ತಿರುಗಿದರೆ ಪರವಾಗಿಲ್ಲ. ಎರಡು ಮೂರು ಸಲ ತಡಕಾಡಿದರೆ ಪುಸ್ತಕ ತಗೊಂಡು ಒಳಕೋಣೆಗೆ. ಇವತ್ತಿಗೂ ಆಫೀಸಿನಲ್ಲಿ ಮೇಲಿನವರು ‘ಒಂದು ನಿಮಿಷ ಬನ್ನಿ’ ಅಂದರೆ ಹೊಟ್ಟೆ ತಿರುಚುತ್ತೆ. ಏನೂ ಇರಲ್ಲ, ರಜೆ ಚೀಟಿಗೆ ಸಹಿ ಬೇಕಾಗಿರುತ್ತೆ ಅಷ್ಟೇ.

ಕಿವಿಗೊಡುವವಳು:

ನಾನು ಮಕ್ಕಳ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಯಾರನ್ನೂ ನೋಡದೆ ಇಲ್ಲಿ ರೋಗ ನಿರ್ಣಯ ಮಾಡಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ವಿಷಯದಲ್ಲಿ ಗೊತ್ತಿರುವುದು ಸುಮಾರಿದೆ.

ಕಡ್ಡಿಪೆಟ್ಟಿಗೆ ಅವರ ಪ್ರಶ್ನೆಯಿಂದಲೇ ಶುರು ಮಾಡೋಣ, ತುಂಬಾ ಜನ ಕೇಳುತ್ತಾರೆ. 1998ರಲ್ಲಿ ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. 9,000ಕ್ಕೂ ಹೆಚ್ಚು ವಯಸ್ಕರಿಗೆ ಬಾಲ್ಯದ ಬಗ್ಗೆ ಕೇಳಿದರು. ಪೆಟ್ಟು ಬಿದ್ದಿತ್ತಾ, ತಾಯಿಗೆ ಹೊಡೆಯುವುದನ್ನು ನೋಡಿದ್ದಿರಾ, ಮನೆಯಲ್ಲಿ ಕುಡುಕರಿದ್ದರಾ, ಹೀಗೆ. ಇಂಥವು ನಾಲ್ಕು ಅಥವಾ ಹೆಚ್ಚು ಕಂಡವರಲ್ಲಿ ಖಿನ್ನತೆ, ಕುಡಿತದ ಚಟ ಹಲವು ಪಟ್ಟು ಜಾಸ್ತಿ ಇತ್ತು. ಹೃದಯದ ಕಾಯಿಲೆ ಕೂಡ ಜಾಸ್ತಿ. ಅದು ಹಣೆಬರಹ ಅಂತ ಅಲ್ಲ. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಕಾಣುವ ಲೆಕ್ಕ, ಒಬ್ಬೊಬ್ಬರ ಭವಿಷ್ಯ ಹೇಳೋಕೆ ಬರಲ್ಲ. ನೀವು ಚೆನ್ನಾಗಿದ್ದರೆ ನಿಜಕ್ಕೂ ಸಂತೋಷ. ಏನು ಕಾಪಾಡಿತು ಅಂತ ಒಂದು ಸಲ ಯೋಚನೆ ಮಾಡಿ. ಬೆಲ್ಟ್ ಅಂತೂ ಆಗಿರಲ್ಲ.

ಈಗ ಬೇಲಿಹೂ ಅವರಿಗೆ. ಜಗಳವೇ ಇಲ್ಲದ ಮನೆ ಇಲ್ಲ, ಅಂಥ ಮನೆ ಬೇಕಾಗಿಯೂ ಇಲ್ಲ. ಮಾರ್ಕ್ ಕಮಿಂಗ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ಅಪ್ಪ ಅಮ್ಮನ ಜಗಳಕ್ಕೆ ಮಕ್ಕಳು ಹೇಗೆ ಸ್ಪಂದಿಸುತ್ತಾರೆ ಅಂತ ದಶಕಗಟ್ಟಲೆ ನೋಡಿದವರು. ಜಗಳ ಹೇಗೆ ಮುಗಿಯಿತು ಅನ್ನುವುದು ಮಕ್ಕಳಿಗೆ ತುಂಬಾ ಮುಖ್ಯ. ರಾಜಿ ಆದದ್ದನ್ನು ಕಂಡ ಮಕ್ಕಳು ಬೇಗ ಸಮಾಧಾನ ಆಗುತ್ತಾರೆ. ಬಾಗಿಲ ಹಿಂದೆ ರಾಜಿಯಾಗಿ ಬಂದು ‘ನಮ್ಮ ಜಗಳ ಮುಗಿಯಿತು’ ಅಂತ ಹೇಳಿದರೂ ಸ್ವಲ್ಪ ಉಪಯೋಗ ಇದೆ. ಆದರೆ ಮಾತು ಬಿಡುವುದು ಇದೆಯಲ್ಲ, ಅದನ್ನು ದೊಡ್ಡವರು ‘ಜಗಳ ನಿಲ್ಲಿಸಿದ್ದೇವೆ’ ಅಂತ ತಿಳಿಯುತ್ತಾರೆ. ಮಕ್ಕಳು ಅದನ್ನೂ ಜಗಳ ಅಂತಲೇ ಲೆಕ್ಕ ಹಾಕುತ್ತಾರೆ.

ಹಾಗಾಗಿ ನಿಮ್ಮ ಮನೆಯಲ್ಲಿ ಅವಳಿಗೆ ಸಿಗುತ್ತಿರುವುದು ಜಗಳದ ಶುರು ಮಾತ್ರ. ಕೊನೆ ಸಿಗುತ್ತಿಲ್ಲ. ಅದಕ್ಕೆ ದಿನಕ್ಕೆ ಹತ್ತು ಸಲ ಬಾಗಿಲಿಗೆ ಬಂದು ಮುಗಿಯಿತಾ ಅಂತ ನೋಡಿ ಹೋಗುತ್ತಾಳೆ.

ಸುದ್ದಿ ಮುಟ್ಟಿಸುವ ಕೆಲಸ ಮಾತ್ರ ಇವತ್ತೇ ನಿಲ್ಲಿಸಿ. ಒಂದು ಮಾತು ತಪ್ಪಿ ಜಗಳ ಜಾಸ್ತಿಯಾದರೆ ತಾನೇ ಕಾರಣ ಅಂತ ತಲೆ ಮೇಲೆ ಹೊತ್ತುಕೊಳ್ಳುತ್ತಾಳೆ.

ರಾತ್ರಿ ಪಾಳಿ ಅಪ್ಪ:

ಓದುತ್ತಾ ಓದುತ್ತಾ ನನ್ನ ಮನೆಯೇ ಕಂಡಿತು. ಆದರೆ ಒಂದು ಮಾತು. ಎಲ್ಲವನ್ನೂ ಅಪ್ಪ ಅಮ್ಮನ ತಲೆಗೆ ಕಟ್ಟುತ್ತಾರೆ. ನಾವು ಯಾಕೆ ಜಗಳ ಆಡುತ್ತೇವೆ ಅಂತ ಯಾರೂ ಕೇಳಲ್ಲ. ನನ್ನ ಪಾಳಿ ಪ್ರತಿ ವಾರ ಬದಲಾಗುತ್ತೆ, ಯಾವ ವಾರ ಯಾವುದು ಅಂತ ಹಿಂದಿನ ದಿನ ಗೊತ್ತಾಗುತ್ತೆ. ಹೆಂಡತಿದೂ ಕೆಲಸ. ವಾರದಲ್ಲಿ ಇಬ್ಬರೂ ಎಚ್ಚರ ಇದ್ದು ಮುಖ ನೋಡುವುದು ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಕಂತು, ಫೀಸು, ಅಮ್ಮನ ಔಷಧಿ, ಎಲ್ಲ ಮಾತಾಡಬೇಕು. ಜಗಳ ಆಗದೆ ಇನ್ನೇನಾಗುತ್ತೆ? ಮಗನ ಜೊತೆ ಕಾಲ ಕಳೆಯಿರಿ ಅಂತ ಶಾಲೆಯವರು ಹೇಳುತ್ತಾರೆ. ಎಲ್ಲಿಂದ ತರಲಿ ಕಾಲ?

ಕಿವಿಗೊಡುವವಳು:

ನೀವು ಹೇಳುವುದು ನೂರಕ್ಕೆ ನೂರು ಸರಿ. ನಾನು ಮೇಲೆ ಬರೆದಿದ್ದರಲ್ಲಿ ಇದು ಬಿಟ್ಟುಹೋಗಿತ್ತು.

1980ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಕೃಷಿ ನೆಲಕಚ್ಚಿ ಎಷ್ಟೋ ಕುಟುಂಬ ಸಾಲಕ್ಕೆ ಬಿದ್ದವು. ರ‍್ಯಾಂಡ್ ಕಾಂಗರ್, ಗ್ಲೆನ್ ಎಲ್ಡರ್ ಅಲ್ಲಿನ ಕುಟುಂಬಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ದುಡ್ಡಿನ ತಾಪತ್ರಯ ಮಗುವಿಗೆ ತಟ್ಟುವ ದಾರಿ ಹೀಗಿತ್ತು: ಮೊದಲು ಅಪ್ಪ ಅಮ್ಮನ ಮನಸ್ಸು ಕುಗ್ಗುತ್ತೆ, ಆಮೇಲೆ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಕಿರಿಕಿರಿ, ಆಮೇಲೆ ಮಗುವಿನ ಮೇಲೆ ರೇಗಾಟ. ಮಗುವಿಗೆ ಸಾಲದ ಅಂಕಿ ಗೊತ್ತಿರಲ್ಲ, ರೇಗಾಟ ಗೊತ್ತಿರುತ್ತೆ.

ಯೂರಿ ಬ್ರಾನ್‌ಫೆನ್‌ಬ್ರೆನರ್ ಅನ್ನುವವರು 1970ರ ದಶಕದಲ್ಲೇ ಇದನ್ನು ಹೇಳಿದ್ದರು. ಮಗುವಿನ ಸುತ್ತ ಒಂದರ ಹೊರಗೊಂದು ಸುತ್ತುಗಳಿರುತ್ತವೆ. ಒಳಗೆ ಮನೆ, ಶಾಲೆ, ಗೆಳೆಯರು. ಅದರಾಚೆ ಅಪ್ಪ ಅಮ್ಮನ ಕೆಲಸದ ಜಾಗ, ಮಗು ಕಾಲೇ ಇಟ್ಟಿರದ ಜಾಗ ಅದು. ಆದರೂ ಅಲ್ಲಿನ ಪಾಳಿ ಪಟ್ಟಿ ಮಗುವಿನ ನಿದ್ದೆಯನ್ನು ತೀರ್ಮಾನ ಮಾಡುತ್ತೆ. ನಿಮ್ಮ ಮಗನ ವಿಷಯದಲ್ಲಿ ಆಗುತ್ತಿರುವುದು ಇದೇ. ‘ಮಗುವಿನ ಜೊತೆ ಕಾಲ ಕಳೆಯಿರಿ’ ಅನ್ನುವುದು ಸುಲಭ, ಪಾಳಿಯನ್ನು ಹದಿನೈದು ದಿನ ಮೊದಲೇ ಹೇಳಿ ಅಂತ ಮೇಲಿನವರಿಗೆ ಹೇಳುವುದು ಕಷ್ಟ.

ರಾತ್ರಿ ಪಾಳಿ ಅಪ್ಪ:

ಈ ಕೊನೆ ವಾಕ್ಯವನ್ನು ಪ್ರಿಂಟ್ ಹಾಕಿಸಿ ನಮ್ಮ ಸೂಪರ್‌ವೈಸರ್ ಟೇಬಲ್ ಮೇಲೆ ಇಡುತ್ತೇನೆ. ಕೆಲಸ ಹೋದರೆ ನೀವೇ ಜವಾಬ್ದಾರಿ.

ಒಂಟೆತ್ತಿನ ಗಾಡಿ:

ನಾನು ಗಂಡನಿಂದ ಬೇರೆಯಾಗಿ ಐದು ವರ್ಷ. ಮಗನಿಗೆ ಈಗ ಹನ್ನೊಂದು. ಮನೆಯಲ್ಲಿ ಜಗಳ ಇಲ್ಲ, ಶಾಂತಿ ಇದೆ. ಅವನ ಉಗುರು ಕಚ್ಚುವ ಚಾಳಿ ಬಿಟ್ಟದ್ದು ನಾವು ಬೇರೆ ಮನೆಗೆ ಬಂದ ಮೇಲೆಯೇ. ಆದರೆ ಮನೆಯಲ್ಲಿ ಸಿಕ್ಕ ನೆಮ್ಮದಿಯನ್ನು ಹೊರಗಿನವರು ಕಿತ್ತುಕೊಳ್ಳುತ್ತಾರೆ. ಮದುವೆ ಮುಂಜಿಗೆ ಹೋದರೆ ಅವನ ತಲೆ ಸವರಿ ‘ಪಾಪ’ ಅನ್ನುತ್ತಾರೆ. ಶಾಲೆಯಲ್ಲಿ ಜಗಳವಾದರೆ ‘ಅಪ್ಪ ಇಲ್ಲದ ಮಗು, ಹಾಗೇ’ ಅಂತ ಟೀಚರ್ ಇನ್ನೊಬ್ಬರಿಗೆ ಹೇಳಿದ್ದು ಅವನ ಕಿವಿಗೇ ಬಿದ್ದಿದೆ. ಅವನಿಗೆ ಅಪ್ಪ ಇದ್ದಾರೆ, ಭಾನುವಾರ ಬರುತ್ತಾರೆ, ಇಬ್ಬರೂ ಚೆನ್ನಾಗಿದ್ದಾರೆ. ಒಂದು ದಿನ ಬಂದು ಕೇಳಿದ, ‘ಅಮ್ಮ, ನಾನು ಪಾಪಾನಾ?’

ಹಳೇ ಮೇಷ್ಟ್ರು:

ಆ ಟೀಚರ್ ಪರವಾಗಿ ನಾನು ಕ್ಷಮೆ ಕೇಳುತ್ತೇನಮ್ಮ. ಸ್ಟಾಫ್ ರೂಮಿನಲ್ಲಿ ನಾವು ಆಡುವ ಮಾತು ಗೋಡೆ ದಾಟಲ್ಲ ಅಂದುಕೊಂಡಿರುತ್ತೇವೆ. ನಾನೂ ಆಡಿದ್ದೇನೆ.

ಕಿವಿಗೊಡುವವಳು:

ಗಾಡಿ ಅಕ್ಕ, ಮಕ್ಕಳನ್ನು ಜಾಸ್ತಿ ಕಾಡುವುದು ಬೇರೆಯಾದದ್ದಕ್ಕಿಂತ ಅದರ ಹಿಂದೆ ಮುಂದೆ ನಡೆಯುವ ಜಗಳ. ಬೇರೆಯಾದ ಮೇಲೂ ಇಬ್ಬರೂ ಮಗುವನ್ನು ನಡುವೆ ಇಟ್ಟುಕೊಂಡು ಹಗ್ಗ ಜಗ್ಗಾಡದಿದ್ದರೆ ಬಹಳಷ್ಟು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ನಿಮ್ಮ ಮಗನ ಉಗುರೇ ಹೇಳುತ್ತಿದೆಯಲ್ಲ.

‘ಪಾಪಾನಾ’ ಅಂದದ್ದಕ್ಕೆ ಏನು ಹೇಳಿದಿರಿ?

ಒಂಟೆತ್ತಿನ ಗಾಡಿ:

‘ನಿನಗೇನನಿಸುತ್ತೆ?’ ಅಂದೆ. ಸ್ವಲ್ಪ ಯೋಚನೆ ಮಾಡಿ ‘ಗಣಿತದ ದಿನ ಮಾತ್ರ’ ಅಂದ.

ಕಡ್ಡಿಪೆಟ್ಟಿಗೆ:

ಹ್ಹ ಹ್ಹ, ಹುಡುಗ ಬದುಕಿಕೊಳ್ಳುತ್ತಾನೆ ಬಿಡಿ.

ಆದರೂ ಮೊಬೈಲ್ ವಿಷಯ ಯಾರೂ ಮುಟ್ಟಲಿಲ್ಲ. ಅದೇ ಮೂಲ.

ಹಳೇ ಮೇಷ್ಟ್ರು:

ಮೊಬೈಲ್ ಮಕ್ಕಳ ಕೈಯಲ್ಲಿ ಇದ್ದಾಗ ಮಾತ್ರ ತೊಂದರೆ ಅಂದುಕೊಂಡಿದ್ದೇವೆ. ಬೇಲಿಹೂ ಅವರು ‘ನಾನೇ ಜಾಸ್ತಿ ನೋಡುವುದು’ ಅಂತ ಬರೆದದ್ದನ್ನು ಯಾರೂ ಗಮನಿಸಲಿಲ್ಲ.

ಕಿವಿಗೊಡುವವಳು:

ಮೇಷ್ಟ್ರು ಸರಿಯಾದ ಜಾಗಕ್ಕೆ ಕೈ ಇಟ್ಟರು. ಚಿಕ್ಕ ಮಕ್ಕಳಿಗೆ ಪರದೆ ಬೇಡ ಅನ್ನುವುದು ಇದ್ದೇ ಇದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವರ್ಷ ತುಂಬದ ಮಗುವಿಗೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಅಂದಿತು. ಆದರೆ ಈ ಹುಡುಗಿಯ ತೊಂದರೆ ಅದಲ್ಲ.

1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಒಂದು ಪ್ರಯೋಗ ಮಾಡಿದರು. ಅಮ್ಮ ಕೂಸಿನ ಜೊತೆ ನಗುತ್ತಾ ಆಡುತ್ತಿರುತ್ತಾಳೆ. ಹೇಳಿಕೊಟ್ಟ ಹಾಗೆ ಒಮ್ಮೆಲೇ ಮುಖವನ್ನು ಕಲ್ಲಿನ ಹಾಗೆ ಮಾಡಿಕೊಳ್ಳುತ್ತಾಳೆ, ಎರಡು ಮೂರು ನಿಮಿಷ ಅಷ್ಟೇ. ಕೂಸು ಮೊದಲು ನಗುತ್ತೆ, ಕೈ ಚಾಚುತ್ತೆ, ಕೂಗುತ್ತೆ. ಆಮೇಲೆ ಮುಖ ಆಚೆ ತಿರುಗಿಸಿಕೊಳ್ಳುತ್ತೆ. ಜಗಳ ಇಲ್ಲ, ಬೈಗುಳ ಇಲ್ಲ, ಬರೀ ಸಪ್ಪೆ ಮುಖ. ಮೊಬೈಲ್ ನೋಡುವಾಗ ನಮ್ಮ ಮುಖ ಹೇಗಿರುತ್ತೆ ಅಂತ ಯಾರಾದರೂ ಫೋಟೊ ತೆಗೆದು ತೋರಿಸಬೇಕು. ಮಾತು ಬಿಟ್ಟ ಮೂರು ದಿನ ನಿಮ್ಮ ಮುಖವೂ ಹಾಗೇ ಇರುತ್ತೆ.

ಆದರೆ ಆ ಪ್ರಯೋಗದಲ್ಲಿ ಕೊನೆಗೆ ಅಮ್ಮ ಮತ್ತೆ ನಗುತ್ತಾಳೆ. ಕೂಸು ಸ್ವಲ್ಪ ರಂಪ ಮಾಡಿ ಸಮಾಧಾನ ಆಗುತ್ತೆ. ತಾಯಿ ಮಗು ಎಲ್ಲ ಹೊತ್ತೂ ಹೊಂದಿಕೊಂಡೇ ಇರಬೇಕಾಗಿಲ್ಲ, ಹಾಗೆ ಯಾರೂ ಇರುವುದಿಲ್ಲ, ತಪ್ಪಿದ ತಾಳ ಮತ್ತೆ ಕೂಡಿಕೊಂಡರೆ ಸಾಕು ಅನ್ನುವುದು ಟ್ರಾನಿಕ್ ಅವರೇ ಮುಂದೆ ಹೇಳಿದ ಮಾತು.

ಇನ್ನೊಂದು ಸಣ್ಣ ವಿಷಯ. ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲಿ ಹೇಳಿತು. ನಿಮ್ಮ ಜಗಳ ಮುಗಿಯುವವರೆಗೂ ಅವಳು ಎಚ್ಚರ ಇದ್ದರೆ ಎಷ್ಟು ಗಂಟೆ ಉಳಿಯುತ್ತೆ, ನೀವೇ ಕಳೆದು ನೋಡಿ.

ಅರ್ಧರಾತ್ರಿ:

ಏನು ಕಾಪಾಡಿತು ಅಂತ ಮೇಲೆ ಕೇಳಿದ್ದಿರಲ್ಲ. ನನಗೆ ಪಕ್ಕದ ಮನೆ ಆಂಟಿ. ಅವರು ಬಟ್ಟೆ ಹೊಲಿಯುತ್ತಿದ್ದರು. ನಮ್ಮ ಮನೆಯಲ್ಲಿ ದನಿ ಏರಿದರೆ ನಾನು ಅಲ್ಲಿಗೆ ಹೋಗಿ ಮಿಷನ್ ಪಕ್ಕ ಕೂರುತ್ತಿದ್ದೆ. ‘ಯಾಕೆ ಬಂದೆ’ ಅಂತ ಒಂದು ದಿನವೂ ಕೇಳಲಿಲ್ಲ. ಚೂರು ಬಟ್ಟೆ, ದಾರ ಕೈಗೆ ಕೊಟ್ಟು ‘ಇದರಲ್ಲಿ ನೀಲಿ ಎಲ್ಲ ಆರಿಸಿಡು’ ಅನ್ನುತ್ತಿದ್ದರು. ನೀಲಿ ಬಟ್ಟೆ ಅವರಿಗೆ ಯಾಕೆ ಬೇಕಿತ್ತು ಅಂತ ಇವತ್ತಿಗೂ ಗೊತ್ತಿಲ್ಲ. ಬೇಕಿರಲೇ ಇಲ್ಲ ಅನಿಸುತ್ತೆ.

ಕಿವಿಗೊಡುವವಳು:

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್, ರೂತ್ ಸ್ಮಿತ್ ನಡುವಯಸ್ಸಿನವರೆಗೂ ಹಿಂಬಾಲಿಸಿದರು. ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳದು ಬಡತನ, ಕುಡಿತ, ಜಗಳದ ಮನೆ. ಆ ಮಕ್ಕಳಲ್ಲೂ ಮೂರರಲ್ಲಿ ಒಬ್ಬರು ಚೆನ್ನಾಗಿ ಬೆಳೆದರು. ಅವರನ್ನು ಕಾಪಾಡಿದ್ದರಲ್ಲಿ ಮತ್ತೆ ಮತ್ತೆ ಕಂಡದ್ದು, ಕೈ ಬಿಡದ ಒಬ್ಬ ದೊಡ್ಡವರು. ಅಪ್ಪ ಅಮ್ಮನೇ ಆಗಬೇಕಿಲ್ಲ. ಅಜ್ಜಿ, ಟೀಚರ್, ನೆರೆಯವರು. ನಿಮ್ಮ ಆಂಟಿ ಅಂಥವರು.

ಕಡ್ಡಿಪೆಟ್ಟಿಗೆ:

ನನಗೆ ಸೋದರಮಾವ ಇದ್ದರು. ಸೈಕಲ್ ಕಲಿಸಿದ್ದು ಅವರೇ. ಏಟು ಬಿದ್ದ ದಿನ ಬಂದು ಮಾತಾಡದೆ ಸೈಕಲ್ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹೊಡೆಸುತ್ತಿದ್ದರು. ಇಷ್ಟು ವರ್ಷ ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ. ಸರಿ, ಇವತ್ತಿಗೆ ಇಷ್ಟು ಸಾಕು ನನಗೆ.

ಬೇಲಿಹೂ:

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಗಂಡನಿಗೆ ಇದೆಲ್ಲ ಓದಿಸಿದೆ. ಮೊದಲು ‘ನಮ್ಮ ಮನೆ ವಿಷಯ ಊರಿಗೆಲ್ಲ ಹೇಳ್ತೀಯಾ’ ಅಂತ ಅದಕ್ಕೇ ಒಂದು ಜಗಳ ಆಯಿತು. ರಾತ್ರಿ ಪಾಳಿ ಅಪ್ಪ ಬರೆದದ್ದನ್ನು ಮಾತ್ರ ಎರಡು ಸಲ ಓದಿದರು.

ಮಾರನೇ ದಿನ ಮಗಳು ಬಾಗಿಲಲ್ಲಿ ನಿಂತು ಕೇಳಿದಳು. ಈ ಸಲ ‘ಹೌದು ಪುಟ್ಟ, ಸಿಟ್ಟು ಬಂದಿದೆ. ನಿನ್ನ ಮೇಲೆ ಅಲ್ಲ, ಅಪ್ಪನ ಮೇಲೆ’ ಅಂದೆ. ಅಳುತ್ತಾಳೆ ಅಂದುಕೊಂಡೆ. ಅವಳು ‘ಎಷ್ಟು ಹೊತ್ತಿಗೆ ಹೋಗುತ್ತೆ?’ ಅಂದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. ‘ಸಂಜೆ ಒಳಗೆ’ ಅಂತ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಸಂಜೆ ಗಡಿಯಾರ ನೋಡಿಕೊಂಡು ಬಂದಳು. ಬೇರೆ ದಾರಿಯಿಲ್ಲದೆ ನಾವಿಬ್ಬರೂ ಅವಳೆದುರಿಗೇ ಮಾತಾಡಿದೆವು. ತುಂಬಾ ಮುಜುಗರ. ಅವರು ‘ನಾನು ಹಾಗೆ ಹೇಳಬಾರದಿತ್ತು’ ಅಂದರು, ನಾನು ‘ನಂದೂ ತಪ್ಪಿದೆ’ ಅಂದೆ. ಮಗಳು ಇಬ್ಬರನ್ನೂ ನೋಡಿ ‘ನಾಟಕ ಮಾಡ್ತಿದ್ದೀರಾ?’ ಅಂದಳು. ಅದಕ್ಕೆ ನಕ್ಕದ್ದು ಮಾತ್ರ ನಿಜವಾದ ನಗು.

ಸುದ್ದಿ ಮುಟ್ಟಿಸುವುದು ನಿಲ್ಲಿಸಿದ್ದೇವೆ. ಅಂದರೆ, ಒಂದು ಸಲ ಬಾಯಿ ತಪ್ಪಿ ‘ಅಪ್ಪನಿಗೆ ಹೇಳು’ ಅಂದೆ, ಅವಳೇ ‘ನೀವೇ ಹೇಳಿ’ ಅಂದಳು. ಮೊನ್ನೆ ಶಾಲೆಯಿಂದ ಬಂದವಳು ಚೀಲ ಧೊಪ್ಪೆಂದು ಎಸೆದು ‘ನನಗೆ ಸಿಟ್ಟು ಬಂದಿದೆ, ಯಾರೂ ಮಾತಾಡಿಸಬೇಡಿ’ ಅಂತ ಕೋಣೆಗೆ ಹೋದಳು. ಎಂಟು ವರ್ಷದಲ್ಲಿ ಮೊದಲ ಸಲ. ನನಗೆ ಖುಷಿ ಪಡಬೇಕೋ ಬೈಯಬೇಕೋ ಗೊತ್ತಾಗಲಿಲ್ಲ.

ಹಳೇ ಮೇಷ್ಟ್ರು:

ಖುಷಿ ಪಡಿ. ಚೀಲ ಎತ್ತಿಡೋಕೆ ಆಮೇಲೆ ಹೇಳಿದರಾಯಿತು.

ಕಿವಿಗೊಡುವವಳು:

ಹೊಟ್ಟೆನೋವು?

ಬೇಲಿಹೂ:

ಪೂರ್ತಿ ಹೋಗಿಲ್ಲ. ಈ ಸೋಮವಾರ ಮತ್ತೆ ಬಂತು, ಭಾನುವಾರ ರಾತ್ರಿ ಜಗಳ ಆಗಿರಲಿಲ್ಲ, ಆದರೂ ಬಂತು. ಗುರುವಾರ ಅದೇ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ, ಮೂರು ಜನವೂ. ಮನೇಲಿ ಎಲ್ಲ ಸರಿ ಇದೆಯಾ ಅಂತ ಅವರು ಮತ್ತೆ ಕೇಳದಿದ್ದರೂ ನಾನೇ ಹೇಳುತ್ತೇನೆ.